ಚೆಂಡುಹೂವಿನ ಹಿಂದಿನ ನಂಬರ್ ಪ್ಲೇಟ್

ಸ್ನೇಹಿತರೇ, ಇಂದು ನಮ್ಮ ವಾಶಿಯ ಕಾಲೇಜಿನ ಅಂಗಳದಲ್ಲಿ ಒಂದು ಯಂತ್ರ ನನ್ನನ್ನು ಬೆರಗುಗೊಳಿಸಿತು.

ನನ್ನ ವಿದ್ಯಾರ್ಥಿನಿ ಶ್ರಾವ್ಯಾ, ಸಿಗ್ನಲ್ಲಿನ ಬಿಳಿ ಗೆರೆ ದಾಟುವ ವಾಹನಗಳನ್ನು ಗುರುತಿಸುವ ತನ್ನ ಯಂತ್ರವನ್ನು ಟ್ರಾಫಿಕ್ ಇನ್‌ಸ್ಪೆಕ್ಟರರಿಗೆ ತೋರಿಸುವವಳಿದ್ದಳು. ಅವರು ಒಪ್ಪಿದರೆ ನಿಜವಾದ ಸಿಗ್ನಲ್ಲಿನಲ್ಲಿ ಅದರ ಪರೀಕ್ಷೆ. ಆದರೆ ನಿನ್ನೆ ದಸರಾ. ಇಂದು ಬಂದ ಗಾಡಿಗಳ ನಂಬರ್ ಪ್ಲೇಟುಗಳೆಲ್ಲ ಇನ್ನೂ ಪೂಜೆಯ ಚೆಂಡುಹೂವಿನ ಮಾಲೆಗಳ ಹಿಂದೆ ಅಡಗಿದ್ದವು. ಕ್ಯಾಮೆರಾ ಒಂದನ್ನೂ ಓದಲಿಲ್ಲ.

"ಸರ್, ಅಬ್ ಕ್ಯಾ ಕರೂಂ?" ಎಂದು ಹಿಂದಿಯಲ್ಲೇ ಕೇಳಿದಳು, ಈಗೇನು ಮಾಡಲಿ ಎಂಬ ಅಳುವ ದನಿಯಲ್ಲಿ.

ಅಷ್ಟರಲ್ಲಿ ಹೋಟೆಲಿನ ವ್ಯಾನೊಂದು, ಅದೂ ಮಾಲೆ ಧರಿಸಿಯೇ, ಪ್ರಯೋಗಕ್ಕೆಂದು ಅಂಗಳದಲ್ಲಿ ಎಳೆದಿದ್ದ ಬಿಳಿ ಗೆರೆ ದಾಟಿ ನಿಂತಿತು. ಯಂತ್ರದ ಪರದೆಯ ಮೇಲೆ ತಕ್ಷಣ ಮೂಡಿತು: 'ಪಪ್ಪನ ಗಾಡಿ'.

ಯಂತ್ರದಲ್ಲಿ ಕ್ಯಾಮೆರಾ ಮಾತ್ರವಲ್ಲ, ಗೆರೆಯ ಬಳಿ ನೆಲಕ್ಕೆ ಹಾಸಿದ್ದ ತಂತಿಯ ಸುರುಳಿಯೂ ಇತ್ತು; ಅದು ಮೇಲೆ ಹಾದುಹೋಗುವ ವಾಹನದ ಕಬ್ಬಿಣದ ಮೈಯನ್ನು ಗ್ರಹಿಸುತ್ತದೆ. ಅಭ್ಯಾಸಕ್ಕೆ ಅವಳಿಗೆ ಸಿಕ್ಕಿದ್ದು ಆ ವ್ಯಾನು ಮಾತ್ರ. ತಿಂಗಳುಗಟ್ಟಲೆ ಅದನ್ನೇ ಓಡಿಸಿ ಸುರುಳಿಗೆ ಪಾಠ ಹೇಳಿದ್ದಳು. ನಂಬರು ಕಾಣದಿದ್ದರೂ ಸುರುಳಿ ಆ ಮೈಯನ್ನು ಮರೆತಿರಲಿಲ್ಲ!

ಅವಳ ತಂದೆ, ಹೋಟೆಲಿನ ಶೆಟ್ಟರು, ವ್ಯಾನಿನಿಂದ ಇಳಿದು ಬಂದರು. "ಎಂತ ಮಗಾ, ಅಪ್ಪನನ್ನೇ ಹಿಡಿಯುದಾ?"

ಗೆರೆ ದಾಟಿದ್ದು ನೀವೇ ತಾನೇ ಎಂದು ಶ್ರಾವ್ಯಾ ನಕ್ಕಳು: "ಪಪ್ಪಾ, ಲೈನ್ ಕ್ರಾಸ್ ಕಿಯಾ ನಾ ಆಪ್‌ನೇ!"

"ಹೂವು ಮುಚ್ಚಿದ್ರೂ ಗೊತ್ತಾಯ್ತಾ ಮಾರಾಯ್ತಿ?" ಎಂದವರೇ ಇನ್‌ಸ್ಪೆಕ್ಟರರತ್ತ ತಿರುಗಿ, ತಮ್ಮ ಮಗಳೆಂದು ಎದೆಯುಬ್ಬಿಸಿ ಹೇಳಿದರು: "ಮೇರೀ ಬೇಟೀ ಹೈ, ಸಾಹೇಬ್."

ಇನ್‌ಸ್ಪೆಕ್ಟರರು ನಗುತ್ತಲೇ, ಮುಂದಿನ ವಾರ ಯಂತ್ರವನ್ನು ಸಿಗ್ನಲ್ಲಿಗೆ ತರಲು ಹೇಳಿದರು.

ಹಿಂದಿರುಗುವಾಗ ಶೆಟ್ಟರು ಅದೇ ಬಿಳಿ ಗೆರೆಯ ಹಿಂದೆ ವ್ಯಾನು ನಿಲ್ಲಿಸಿ ವಿನಯದಿಂದ ಕಾಯುತ್ತಿದ್ದರು. ಅಲ್ಲಿ ಸಿಗ್ನಲ್ಲೇ ಇಲ್ಲವೆಂದು ಕೊನೆಗೆ ನಾನೇ ಹೋಗಿ ತಿಳಿಸಬೇಕಾಯಿತು.