ಮೊಮ್ಮಗಳ ಹಿಂಬಡ, ನಮ್ಮ ಮಗ್ಗದ ಕುಣಿ

ನನ್ನ ಮೊಮ್ಮಗಳು ಓಡಿದಳು. ಜಮಖಂಡಿಯ ಬಯಲಾಗ, ತಾಲೂಕಿನ ಹುಡುಗ್ಯಾರ ಸಂಗಾಟ, ಒಂದು ಹೆಜ್ಜಿನೂ ಕುಂಟದ ಓಡಿದಳು. ಬಂದದ್ದು ಎರಡನೇ ನಂಬರ. ಓಣ್ಯಾಗ ಎದುರು ಬಂದವರಿಗೆಲ್ಲ ಸಕ್ಕರಿ ಹಂಚಿದೆ. ಒಬ್ಬಾಕಿಗೆ ಎರಡು ಸರತಿ ಕೊಟ್ಟೆನಂತ, ಆಮ್ಯಾಲೆ ಆಕಿನ ಹೇಳಿದಳು.

ನಾವು ಬನಹಟ್ಟಿಯವರು. ಮನಿಯೊಳಗ ಮಗ್ಗ. ನೆಲದಾಗ ತೋಡಿದ ಕುಣಿಯೊಳಗ ಕಾಲು ಇಳಿಬಿಟ್ಟು ಕೂತು, ಹಲಗಿ ತುಳಿದು ಸೀರಿ ನೇಯೂದು. ನಾ ಎರಡನೇ ಇಯತ್ತೆಗೆ ಸಾಲಿ ಬಿಟ್ಟು ಆ ಕುಣಿಗೆ ಇಳಿದಾಕಿ.

ಹಿಂದಿನ ದೀಪಾವಳಿ ಮುಂದ ಮೊಮ್ಮಗಳಿಗೆ ಪಾದದ ಹಿಂದ, ಹಿಂಬಡದ ಮ್ಯಾಲಿನ ದಪ್ಪ ನರ ನೋಯಾಕ ಹತ್ತಿತ್ತು. ಮುಂಜಾನೆ ಎದ್ದು ಮೊದಲ ನಾಕು ಹೆಜ್ಜಿ ಗ್ವಾಡಿ ಹಿಡಿದು ಇಡತಿದ್ದಳು. ಓಡಬ್ಯಾಡ ಅಂದೆ, ಎಣ್ಣಿ ಕಾಸಿ ತಿಕ್ಕಿದೆ. ಕಾಲಿಗೆ ಆರಾಮ ಸಿಗಲಿ, ಕೂತು ಮಾಡೂ ಕೆಲಸ ಮಾಡಲಿ ಅಂತ ನಾನ ಕೈಹಿಡಿದು ಮಗ್ಗಕ್ಕ ಕೂಡಿಸಿದೆ. ಎರಡು ತಿಂಗಳಾದರೂ ನೋವು ಇಳಿಯಲಿಲ್ಲ, ಬಾವು ಬಂತು. ಇನ್ನ ಓಟ ಮುಗೀತು ಅಂತ ಆಕಿ ಬೂಟು ಅಟ್ಟಕ್ಕ ಹಾಕಿದಳು.

ಮಗ ಜಮಖಂಡಿ ಡಾಕ್ಟರ ಕಡೆ ಕರಕೊಂಡು ಹೊಂಟ, ನಾನೂ ಬಸ್ಸು ಹತ್ತಿದೆ. ದಿನಾ ಏನು ಮಾಡತಾಳ ಅಂತ ಡಾಕ್ಟರು ಕೇಳಿದರು. ಏನೂ ಇಲ್ರಿ, ಆರಾಮ ಕೂತು ನೇಯತಾಳ ಅಂದೆ. ಹೆಂಗ ತುಳೀತೀರಿ ತೋರಸ್ರಿ ಅಂದರು. ಕುರ್ಚಿ ಮ್ಯಾಲೆ ಕೂತು ತೋರಿಸಿದೆ. ಪಾದ ಮ್ಯಾಲೆ, ಕೆಳಗ, ಮ್ಯಾಲೆ, ಕೆಳಗ.

"ಯವ್ವಾ, ಓಟ ಬಿಡಿಸಿ, ದಿನಾ ಸಾವಿರ ಸಲ ಅದೇ ನರ ಜಗ್ಗಿಸೀರಲ್ಲ."

ನನ್ನ ಮಾರಿ ಸಣ್ಣದಾತು. ಮೊಮ್ಮಗಳು ನನ್ನ ಮೊಣಕಾಲ ಮ್ಯಾಲೆ ಕೈ ಇಟ್ಟಳು.

ಮಗ್ಗ ಸದ್ಯಕ್ಕ ಬ್ಯಾಡ ಅಂದರು ಡಾಕ್ಟರು. ಮೆಟ್ಟಲ ಅಂಚಿಗೆ ಮುಂಗಾಲ ಮ್ಯಾಲೆ ನಿಂತು ಹಿಂಬಡ ಸಾವಕಾಶ ಕೆಳಗ ಇಳಿಸಬೇಕು, ತಿಂಗಳುಗಟ್ಟಲೆ ಹಿಡೀತದ, ಅವಸರ ಮಾಡಬ್ಯಾಡ್ರಿ ಅಂದರು. ನಮ್ಮ ಮನ್ಯಾಗ ಮೆಟ್ಟಲ ಎಲ್ಲಿ? ಕುಣಿ ಅಂಚು ಇತ್ತಲ್ಲ. ಮುಂಜಾನೆ ಸಂಜಿ ಆಕಿ ಮಗ್ಗದ ಕಂಬ ಹಿಡಿದು ಅಲ್ಲೇ ನಿಂತು ಇಳಿಸಾಕಿ, ನಾ ಬಾಜೂಕ ಕೂತು ಎಣಿಸಾಕಿ.

"ಆಯಿ, ಹನ್ನೆರಡು ಎರಡು ಸಲ ಬಂತು."

"ಬರಲಿ ಬಿಡಬೇ, ಒಂದು ನನ್ನ ತಪ್ಪಿಂದು."

ಬ್ಯಾಸಗಿಗೆ ಮುಂಜಾನೆ ಗ್ವಾಡಿ ಹಿಡಿಯೂದು ಬಿಟ್ಟಳು. ಮಳಿ ಬೀಳೂ ಹೊತ್ತಿಗೆ ಅಟ್ಟದ ಬೂಟು ಕೆಳಗ ಬಂದವು.

ಓಡಿದ ದಿನ ಸಂಜಿಗೆ ಮಗ್ಗ ನಿಲ್ಲಿಸಿ ಎಲ್ಲಾರೂ ಕೂಡೇ ಊಟಕ್ಕ ಕೂತೆವು. ಗೋಧಿ ಹುಗ್ಗಿ ಮಾಡಿದ್ದೆ. ಉಣ್ಣೂ ಮುಂದ ಕಾಲು ಚಾಚಿದರ ಬೈಯಾಕಿ ನಾನ. ಆಕಿ ಎರಡೂ ಕಾಲು ಕುಣಿಗೆ ಇಳಿಬಿಟ್ಟು, ತಾಟು ತೊಡಿ ಮ್ಯಾಲೆ ಇಟಗೊಂಡು ಉಂಡಳು. ನಾ ಇನ್ನೊಂದು ಚಮಚ ತುಪ್ಪ ಹಾಕಿ, ಆಕಿ ಬಾಜೂಕ ಕಾಲು ಇಳಿಬಿಟ್ಟು ಕೂತು ಉಂಡೆ.