ಅಂಟು ಒಣಗುವ ತನಕ

ಕೃತಕ ಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಅವಳಿಗೆ ಪೈಲಟಕ್ಕ ಅಂತಲೇ ಹೆಸರು. ಸಂಬಳದ ದಿನ ಬಿಟ್ಟರೆ ಯಾರೂ ಅವಳ ನಿಜವಾದ ಹೆಸರು ಬಳಸಿದ್ದು ನನಗೆ ನೆನಪಿಲ್ಲ. ಹಾಗಂತ ಅವಳು ವಿಮಾನ ಓಡಿಸಿದವಳಲ್ಲ, ಹತ್ತಿದವಳೂ ಅಲ್ಲ. ಕಟ್ಟುವವಳು. ನಿಜವಾದ ವಿಮಾನದ ಪ್ರತಿಯೊಂದು ಅಳತೆಯನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದು ಮಾಡಿ, ಒಳಗಿನ ಸೀಟು, ಗಡಿಯಾರ, ಬಾಗಿಲಿನ ತಿರುಪುಗಳ ಸಮೇತ ಕಟ್ಟುವುದು ಅವಳ ಹುಚ್ಚು.

ನನ್ನ ಮೇಜು ಅವಳ ಮೇಜಿನ ಪಕ್ಕದಲ್ಲೇ. ವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಗಚ್ಚು ಸುರಿದು, ಮೇಣದಲ್ಲಿ ಹಲ್ಲಿನ ಆಕಾರ ಕೆತ್ತಿ, ಒಂದೊಂದೇ ಹಲ್ಲು ಮಾಡುತ್ತೇವೆ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಬೇರೆಯವರ ಬಾಯಿ ನೋಡಿದವರು ಮನೆಗೆ ಹೋಗಿ ಕಾಲು ಚಾಚಬೇಕು ಅನ್ನುವುದು ನನ್ನ ಲೆಕ್ಕ. ಅವಳು ಮನೆಗೆ ಹೋಗಿ ಮತ್ತೆ ಅದೇ ಭೂತಗನ್ನಡಿ ಕಟ್ಟಿಕೊಳ್ಳುತ್ತಿದ್ದಳು.

ಇದು ಶುರುವಾದದ್ದು ಅವಳ ಮೊದಲ ಬಸಿರಿನಲ್ಲಿ. ಮಂಚ ಬಿಟ್ಟು ಇಳಿಯಕೂಡದು ಅಂತ ವೈದ್ಯೆ ಕಟ್ಟಪ್ಪಣೆ ಮಾಡಿದ್ದರು. ಅವಳ ತಮ್ಮ ಹುಟ್ಟಲಿರುವ ಸೋದರಳಿಯನಿಗೆ ಅಂತ ಪ್ಲಾಸ್ಟಿಕ್ ವಿಮಾನದ ಬಿಡಿಭಾಗಗಳ ಡಬ್ಬಿಯೊಂದನ್ನು ಮುಂಚಿತವಾಗಿಯೇ ತಂದುಬಿಟ್ಟ. ಎಡಮಗ್ಗುಲಲ್ಲಿ ಮಲಗಿಕೊಂಡು, ತಟ್ಟೆಯ ಮೇಲೆ ಅದನ್ನು ಜೋಡಿಸಿ ಮುಗಿಸಿದಳು. ಹುಟ್ಟಿದ್ದು ಮಗಳು. ಆ ಮಗಳಿಗೆ ವಿಮಾನದ ಕಡೆ ಕಣ್ಣೆತ್ತಿ ನೋಡುವ ಮನಸ್ಸೂ ಇರಲಿಲ್ಲ. ಅಷ್ಟರಲ್ಲಿ ತಾಯಿಗೆ ಅದು ಹಿಡಿದುಕೊಂಡಾಗಿತ್ತು.

ಅತ್ತೆಗೆ ಇದೆಲ್ಲ ವಿಚಿತ್ರ. "ಹಾರದೇ ಇರೋ ವಿಮಾನ ಕಟ್ಟಿ ಏನಮ್ಮ ಪ್ರಯೋಜನ?" ಅಂತ ಕೇಳಿದರಂತೆ.

"ಹಾರೋದನ್ನ ಕಟ್ಟಿದ್ರೆ ಅದರ ಹಿಂದೆ ಓಡೋರು ಯಾರತ್ತೆ? ನಿಮ್ಮ ಮೊಮ್ಮಕ್ಕಳ ಹಿಂದೆ ಓಡೋದೇ ಸಾಕಾಗಿದೆ."

ಆ ಹೊತ್ತಿಗೆ ಎರಡನೆಯವನೂ ಹುಟ್ಟಿದ್ದ. ಮಗಳು ದೊಡ್ಡವಳು, ಮಗ ಚಿಕ್ಕವನು, ಮನೆಯಲ್ಲಿ ಅವರಿಗೆ ಅದೇ ಹೆಸರು. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು. ಊರು ಏಳುವ ಮೊದಲೇ ಕೆಲಸಕ್ಕೆ ಹೋಗಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಸೋಫಾದ ಮೇಲೆ ಮೈದಾಹಿಟ್ಟಿನ ಮೂಟೆಯ ಹಾಗೆ ಬಿದ್ದಿರುತ್ತಿದ್ದ. ಒಳ್ಳೆಯವನು, ಆದರೆ ಎಚ್ಚರವಿದ್ದಾಗ ಮಾತ್ರ ಒಳ್ಳೆಯವನು ಅಂತ ಇವಳು ನಗುತ್ತಿದ್ದಳು.

ಚಿಕ್ಕವನು ಬಾಯಲ್ಲೇ ಲೋಕ ನೋಡುವ ಜಾತಿ. ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಒಂದು ವಿಮಾನದ ಹಿಂದಿನ ಚಕ್ರ ನುಂಗಿಬಿಟ್ಟ. ಗಂಡ ಹೌಹಾರಿ ಎದ್ದು ಕೂತ. ಆಸ್ಪತ್ರೆಯಲ್ಲಿ ನೋಡಿದವರು, ಗುಂಡಗಿದೆ, ನುಣುಪಾಗಿದೆ, ತಾನಾಗೇ ಬರುತ್ತೆ, ಕಾಯಿರಿ ಅಂದರು. ಪೈಲಟಕ್ಕ ಕಾದಳು. ಅವನು ಕಕ್ಕ ಮಾಡಿದಾಗೆಲ್ಲ ಕೂತು ಶೋಧಿಸಿದಳು. ಕೊನೆಗೆ ಸಿಕ್ಕಿತು. ಬಿಸಿನೀರಿನಲ್ಲಿ ಕುದಿಸಿ, ಮತ್ತೆ ಬಣ್ಣ ಹಚ್ಚಿ, ಇದ್ದ ಜಾಗಕ್ಕೇ ಕೂರಿಸಿದಳು. "ಇಷ್ಟು ದೂರ ಪ್ರಯಾಣ ಮಾಡಿದ ಚಕ್ರ ಬೇರೆ ಯಾವ ವಿಮಾನದಲ್ಲಿದೆ ಹೇಳು" ಅಂತ ಲ್ಯಾಬಿನಲ್ಲಿ ಎಲ್ಲರನ್ನೂ ಕೇಳುತ್ತ ಓಡಾಡಿದಳು.

ಚಿಕ್ಕವನ ಕಾಟ ಕಣ್ಣಿಗೆ ಕಾಣುವಂಥದ್ದು. ದೊಡ್ಡವಳ ಕಷ್ಟ ಹಾಗಲ್ಲ. ಹದಿಮೂರು ದಾಟಿದ್ದೇ ತಡ, ಹುಡುಗಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳತೊಡಗಿದಳು. ಏನಾಯ್ತು ಅಂದರೆ ಏನಿಲ್ಲ. ಊಟ ಅಂದರೆ ಬೇಡ. ಶಾಲೆ ಹೇಗಿತ್ತು ಅಂದರೆ ಇತ್ತು. "ನಮ್ಮನೇಲಿ ಒಂದು ಬಾಗಿಲಿದೆ, ಅದರ ಹಿಂದೆ ಒಬ್ಬಳು ಮಗಳಿದ್ದಾಳಂತೆ" ಅನ್ನುತ್ತಿದ್ದಳು ಪೈಲಟಕ್ಕ. ತಮಾಷೆಯ ದನಿಯಲ್ಲೇ ಹೇಳುತ್ತಿದ್ದಳು. ಆದರೆ ಹೇಳುವಾಗ ಕೈಯಲ್ಲಿದ್ದ ಮೇಣದ ಚಾಕು ಒಂದು ಕ್ಷಣ ನಿಲ್ಲುತ್ತಿತ್ತು.

ಆ ವರ್ಷ ಅವಳು ಹಿಡಿದಿದ್ದು ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಕೆಲಸ. ನೀರಿನ ಮೇಲೆ ಇಳಿಯುವ ಹಳೇ ಕಾಲದ ವಿಮಾನ, ದೋಣಿಯಂಥ ಹೊಟ್ಟೆ, ಮೇಲೆ ಒಂದೇ ಉದ್ದನೆಯ ರೆಕ್ಕೆ, ರೆಕ್ಕೆಯ ಮೇಲೆ ಸಾಲಾಗಿ ಎಂಜಿನ್‌ಗಳು. ಅಂಗಡಿಯ ಡಬ್ಬಿಯದಲ್ಲ, ಹಗುರ ಮರದಲ್ಲಿ ಅವಳೇ ಕೊಯ್ದು, ಉಜ್ಜಿ ಮಾಡಿದ್ದು. ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಮಾದರಿ ವಿಮಾನಗಳ ಪ್ರದರ್ಶನವಿತ್ತು, ಬಹುಮಾನವೂ ಇತ್ತು. ಈ ಸಲ ಗೆಲ್ಲುತ್ತೇನೆ ಅಂತ ಅವಳು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ತಿರುಗುತ್ತಿದ್ದಳು. ಅವಳಿಗೆ ಸುಳ್ಳು ವಿನಯ ಅನ್ನುವುದು ಬರುತ್ತಿರಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಹೋದರೆ, ವಿಮಾನದ ರೆಕ್ಕೆ ಮುರಿದು ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಗಂಡ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ದೊಡ್ಡವಳ ಬಾಗಿಲು ಹಾಕಿತ್ತು. ಚಿಕ್ಕವನು, ಆಗ ಅವನಿಗೆ ಆರು ವರ್ಷವಿದ್ದೀತು, ಮೇಜಿನ ಕೆಳಗೆ ಕೂತಿದ್ದ.

"ಚಿಕ್ಕೋನು ಎಳೆದುಬಿಟ್ಟ" ಅಂತ ಬಾಗಿಲೊಳಗಿಂದ ದನಿ ಬಂತು.

"ಹೌದು, ನಾನೇ" ಅಂದ ಚಿಕ್ಕವನು, ಕೇಳುವ ಮೊದಲೇ. ಅವನ ಮೂಗಿನ ತುದಿಯ ತನಕ ಚಾಕೊಲೇಟು ಮೆತ್ತಿಕೊಂಡಿತ್ತು.

ಪೈಲಟಕ್ಕ ತುಂಡುಗಳನ್ನು ಎತ್ತಿ ನೋಡಿದಳು. ಮುರಿದ ಹಲ್ಲಿನ ಸೆಟ್ಟು ಕೈಗೆ ಬಂದಾಗ ಅದು ಜಾರಿ ಬಿದ್ದು ಒಡೆದದ್ದೋ, ಕಚ್ಚುವಾಗ ಸೀಳಿದ್ದೋ ಅಂತ ನಾವು ಅಂಚು ನೋಡಿಯೇ ಹೇಳುತ್ತೇವೆ. ಮಗು ಎಳೆದಿದ್ದರೆ ವಿಮಾನ ನೆಲಕ್ಕೆ ಬೀಳಬೇಕಿತ್ತು, ಬಾಲ ಜಜ್ಜಿಹೋಗಬೇಕಿತ್ತು. ಬಾಲಕ್ಕೆ ಏನೂ ಆಗಿರಲಿಲ್ಲ. ರೆಕ್ಕೆಯನ್ನು ಎರಡೂ ಕಡೆ ಗಟ್ಟಿಯಾಗಿ ಹಿಡಿದು, ಬಟ್ಟೆ ಹಿಂಡುವ ಹಾಗೆ ತಿರುಚಿದ್ದರು. ಅಷ್ಟು ಅಗಲಕ್ಕೆ ಚಿಕ್ಕವನ ತೋಳು ಚಾಚುತ್ತಿರಲಿಲ್ಲ.

"ಆಮೇಲೆ ಏನು ಮಾಡಿದೆ?" ಅಂತ ಮರುದಿನ ಕೇಳಿದೆ.

"ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ. ಕೈ ಎತ್ತಿಬಿಡ್ತೀನೇನೋ ಅಂತ ಹೆದರಿ ಕೈ ತೊಳೀತಾನೇ ನಿಂತಿದ್ದೆ. ಒಂದು ವರ್ಷದ ಕೆಲಸ ಕಣೇ. ಆಮೇಲೆ ಚಿಕ್ಕೋನ ಮುಖ ಒರೆಸಿದೆ. ಎಲ್ಲರಿಗೂ ಬಡಿಸಿದೆ. ಏನೂ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಾಳೆ. ಆಮೇಲೆ ಆ ಸುಳ್ಳನ್ನೂ ಕಾಪಾಡ್ಕೋಬೇಕು ಅವಳು. ಅಷ್ಟು ಭಾರ ಯಾಕೆ ಹೊರಿಸ್ಲಿ?"

ಹೀಗೆ ಮಾತಾಡುತ್ತಿರುವಾಗಲೇ ಅವಳಿಗೆ ಶಾಲೆಯಿಂದ ಫೋನು ಬಂತು. ಮಾತಾಡಿದ್ದು ಮಗಳ ತರಗತಿಯ ಮೇಡಂ. ಹುಡುಗಿ ಕೆಲವು ವಾರಗಳಿಂದ ಮಧ್ಯಾಹ್ನದ ಪಾಠಗಳಿಗೆ ಬರುತ್ತಿಲ್ಲ, ಊಟದ ಬಿಡುವಿನಲ್ಲಿ ಹೊರಟುಹೋಗುತ್ತಾಳೆ, ಮನೆಯಲ್ಲಿ ಗೊತ್ತೇ ಅಂತ. ಪೈಲಟಕ್ಕ "ಗೊತ್ತಿರಲಿಲ್ಲ, ಸೋಮವಾರ ಬರ್ತೀನಿ" ಅಂದು ಫೋನು ಇಟ್ಟಳು. ಕೈಯಲ್ಲಿದ್ದ ಮೇಣದ ಹಲ್ಲನ್ನು ಕೆತ್ತಿ ಮುಗಿಸಿದಳು. ಮುಖ ಬಿಳುಚಿಕೊಂಡಿತ್ತು, ಆದರೆ ಹಲ್ಲು ಸೊಟ್ಟಾಗಿರಲಿಲ್ಲ.

ವಾರದ ಕೊನೆಯ ರಜೆಯ ದಿನ, ಮಧ್ಯಾಹ್ನ, ಗಂಡನನ್ನು ಎಬ್ಬಿಸಿ ಚಿಕ್ಕವನ ಜೊತೆ ಹೊರಗೆ ಕಳಿಸಿದಳು. ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಮಗಳ ಬಾಗಿಲು ತಟ್ಟಿದಳು.

"ಬಾ, ರೆಕ್ಕೆ ಹಿಡ್ಕೋ."

"ನಂಗೆ ಅದೆಲ್ಲ ಬರಲ್ಲ."

"ಹಿಡ್ಕೊಳ್ಳೋಕೆ ಬರೋದೇನಿದೆ? ಅಲ್ಲಾಡದೆ ಕೂತಿರೋದಷ್ಟೆ. ಒಬ್ಬಳ ಕೈಲಿ ಆಗಲ್ಲ."

ಬಾಗಿಲು ತೆರೆಯಿತು. ಮುರಿದ ಅಂಚುಗಳಿಗೆ ಅಂಟು ಹಚ್ಚಿ, ತಾಯಿ ಬುಡ ಹಿಡಿದಳು, ಮಗಳು ತುದಿ ಹಿಡಿದಳು. ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಅಂಟೂ ಮೇಜಿನ ಡ್ರಾಯರಿನಲ್ಲಿತ್ತು. ಇವಳು ಬೇಕಂತಲೇ ನಿಧಾನವಾಗಿ ಒಣಗುವುದನ್ನು ಹಚ್ಚಿದ್ದಳು. ಇದನ್ನು ನನಗೆ ಹೇಳುವಾಗ ಅವಳ ಮುಖದಲ್ಲಿ ಕಳ್ಳನಗು.

ಇಬ್ಬರೂ ಎದುರುಬದುರು ಕೂತರು. ಮೇಲಿನ ಮನೆಯವರು ಕುರ್ಚಿ ಎಳೆದದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗಳು ಮೂತಿ ಸೊಟ್ಟ ಮಾಡತೊಡಗಿದಳು.

"ಏನು?"

"ಮೂಗು ಕಡೀತಿದೆ."

"ಸಹಿಸ್ಕೋ."

"ಆಗ್ತಿಲ್ಲಮ್ಮ."

ತಾಯಿ ಕೈ ಬಿಡುವ ಹಾಗಿಲ್ಲ. ಮೇಜಿನ ಮೇಲೆ ಬಗ್ಗಿ, ತನ್ನ ಹಣೆಯನ್ನು ಮಗಳ ಮೂಗಿಗೆ ಉಜ್ಜಿದಳು. ಎಷ್ಟೋ ತಿಂಗಳ ಮೇಲೆ ಹುಡುಗಿ ನಕ್ಕಳು. ನಕ್ಕವಳು ತಕ್ಷಣ ತುಟಿ ಮುಚ್ಚಿಕೊಂಡಳು. ಆಮೇಲೆ ರೆಕ್ಕೆಯನ್ನೇ ನೋಡುತ್ತ ಹೇಳಿದಳು.

"ಮುರಿದಿದ್ದು ಚಿಕ್ಕೋನಲ್ಲ. ನಾನು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನೋಡಿದಾಗಲೇ."

"ಮತ್ಯಾಕೆ ಬೈಲಿಲ್ಲ?"

"ಬೈತೀನಿ. ಅಂಟು ಒಣಗಲಿ. ಈಗ ಕೋಪ ಮಾಡ್ಕೊಂಡ್ರೆ ಕೈ ನಡುಗುತ್ತೆ."

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಹುಡುಗಿಯ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿಯಿತ್ತು. ಊರಿಗೆಲ್ಲ ಹಲ್ಲು ಕಟ್ಟೋಳು ಸ್ವಂತ ಮಗಳಿಗೆ ಕಟ್ಟೋದು ಮರೆತಳಂತೆ, ಅಂತ ತರಗತಿಯಲ್ಲಿ ಒಬ್ಬಳು ಅಂದಳು. ಎಲ್ಲರೂ ನಕ್ಕರು. ಜೀವದ ಗೆಳತಿಯೂ ನಕ್ಕಳು. ಆಮೇಲೆ ಅದೇ ಆಟವಾಯಿತು. ಊಟಕ್ಕೆ ಕೂರುವಾಗ ಇವಳು ಬಂದರೆ ಬೆಂಚಿನ ಮೇಲೆ ಚೀಲ ಹರಡಿಬಿಡುವುದು. ಹಾಗಾಗಿ ಇವಳು ಮಧ್ಯಾಹ್ನ ಶಾಲೆ ಬಿಟ್ಟು, ಊರು ಸುತ್ತಿ ಅಲ್ಲಿಗೇ ಬರುವ ಬಸ್ಸು ಹತ್ತಿ, ಸಂಜೆಯ ತನಕ ಕಿಟಕಿಗೆ ಒರಗಿ ಕೂತಿರುತ್ತಿದ್ದಳು.

"ನಿಂಗೆ ಹೇಳೋಕೆ ಬಂದೆ. ಎಷ್ಟು ಸಲ ಬಂದೆ. ಪ್ರತಿ ಸಲವೂ ನೀನು, ಒಂದ್ನಿಮಿಷ, ಈಗ ಕೈ ತೆಗೆಯೋ ಹಾಗಿಲ್ಲ ಅಂದೆ."

ಪೈಲಟಕ್ಕ ಹಾಗೆ ಅಂದಿದ್ದಳು, ನಿಜ.

"ಅವತ್ತು ಅವರು ನನ್ನ ಫೋಟೋಗೆ ಹಲ್ಲು ಬರೆದು ಎಲ್ಲರ ಫೋನಿಗೂ ಕಳಿಸಿದ್ರು. ಮನೆಗೆ ಬಂದ್ರೆ ಇದು ಇಲ್ಲಿ ಕೂತಿತ್ತು. ಇದರಲ್ಲಿ ಒಂದು ಊನವೂ ಇರಲಿಲ್ಲ. ಅದಕ್ಕೇ ಮುರಿದೆ."

ಈ ಮಾತು ಕೇಳಿ ಅವಳಿಗೆ ಕಣ್ಣು ತುಂಬಿ ಬಂತಂತೆ. ಒರೆಸಿಕೊಳ್ಳೋಣ ಅಂದರೆ ಕೈ ಖಾಲಿಯಿಲ್ಲ. ಹಾಗೇ ಸುರಿಯಲು ಬಿಟ್ಟು ಹೇಳಿದಳು. "ಕೈ ತೆಗೆಯೋ ಹಾಗಿರಲಿಲ್ಲ, ಅದು ನಿಜ. ಆದ್ರೆ ಕಿವಿ ಖಾಲಿ ಇತ್ತು. ಹೇಳು, ಕೇಳಿಸ್ಕೋತೀನಿ ಅಂತ ನಾನೇ ಅನ್ನಬೇಕಿತ್ತು. ಅನ್ನಲಿಲ್ಲ. ಅದು ನನ್ನ ತಪ್ಪು. ರೆಕ್ಕೆ ನಿನ್ನ ತಪ್ಪು. ತಮ್ಮನಿಗೆ ಚಾಕೊಲೇಟು ಲಂಚ ಕೊಟ್ಟು ಸುಳ್ಳು ಹೇಳಿಸಿದ್ದು ದೊಡ್ಡ ತಪ್ಪು, ಅದನ್ನ ನೀನೇ ಅವನ ಹತ್ರ ಸರಿಮಾಡ್ಕೋಬೇಕು."

"ಹಲ್ಲು?"

"ಹಲ್ಲು ನಿಂದು. ಸಂದಿ ಮುಚ್ಚಬೇಕು ಅಂತ ನಿಂಗೇ ಅನ್ನಿಸಿದ ದಿನ ಹೇಳು, ಊರಲ್ಲೇ ಚೆನ್ನಾಗಿರೋದನ್ನ ಮಾಡಿಸ್ತೀನಿ. ಅವರು ನಕ್ಕರು ಅಂತ ಮಾತ್ರ ಮುಟ್ಟಲ್ಲ."

ಅಂಟು ಯಾವಾಗಲೋ ಒಣಗಿತ್ತು. ಇಬ್ಬರೂ ಇನ್ನೂ ಹಿಡಿದುಕೊಂಡೇ ಕೂತಿದ್ದರು. ಗಂಡ ಬಂದು ನೋಡಿ, ಇಷ್ಟು ಹೊತ್ತಾದರೂ ಹಿಡಿಯದ ಅಂಟು ಎಂಥದ್ದು, ವಾಪಸ್ಸು ಕೊಟ್ಟುಬಿಡೋಣ ಅಂದನಂತೆ.

ಸೋಮವಾರ ತಾಯಿ ಮಗಳು ಒಟ್ಟಿಗೆ ಶಾಲೆಗೆ ಹೋದರು. ಮೇಡಂ ಒಳ್ಳೆಯವರೇ, ಆದರೆ ಮೊದಲ ಮಾತಿಗೇ "ಮನೇಲಿ ಗಮನ ಸ್ವಲ್ಪ ಕಡಿಮೆಯಾಗಿರಬಹುದು" ಅಂದರು.

"ಆಗಿತ್ತು. ಅದನ್ನ ಸರಿಮಾಡ್ಕೊಂಡು ಬಂದಿದ್ದೀವಿ. ಈಗ ಇಲ್ಲಿನ ಗಮನದ ಬಗ್ಗೆ ಮಾತಾಡೋಣ್ವಾ?" ಅಂದಳು ಪೈಲಟಕ್ಕ. ಫೋನಿನಲ್ಲಿದ್ದ, ಹಲ್ಲು ಬರೆದ ಆ ಫೋಟೋ ತೋರಿಸಿದಳು. ಮೇಡಂ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮಾಡಬೇಕಾದ್ದನ್ನು ಮಾಡಿದರು: ಆ ಹುಡುಗಿಯರ ಮನೆಯವರನ್ನು ಕರೆಸಿದರು, ಊಟದ ಬಿಡುವಿನಲ್ಲಿ ತಾವೇ ಅಲ್ಲಿ ಓಡಾಡತೊಡಗಿದರು. ಜೀವದ ಗೆಳತಿ ಬಂದು ಕ್ಷಮೆ ಕೇಳಿದಳು. ಸ್ನೇಹ ಮಾತ್ರ ಮತ್ತೆ ಮೊದಲಿನ ಹಾಗಾಗಲಿಲ್ಲ. ಅದರ ಬದಲು ಕೀಟಗಳ ವಿಷಯ ಬಿಟ್ಟು ಬೇರೆ ಮಾತೇ ಬಾರದ ಒಬ್ಬಳು ಉದ್ದನೆಯ ಹುಡುಗಿ ಇವಳ ಪಕ್ಕ ಕೂರತೊಡಗಿದಳು. ಈಗ ಆ ಹುಡುಗಿ ಇವರ ಮನೆಯಲ್ಲೇ ಅರ್ಧ ಸಂಸಾರ ಹೂಡಿದ್ದಾಳೆ.

ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ವಿಮಾನ ಎಷ್ಟು ಚೆನ್ನಾಗಿತ್ತೆಂದರೆ, ನಿಂತು ನೋಡುತ್ತಿದ್ದವರು ತಮಗೇ ಗೊತ್ತಿಲ್ಲದೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಿಟಕಿಯ ಬೆಳಕು ಒಂದು ಕಡೆಯಿಂದ ಬಿದ್ದಾಗ ಮಾತ್ರ ರೆಕ್ಕೆಯ ಮೇಲೆ ಕೂದಲೆಳೆಯಂಥ ಗೆರೆ ಕಾಣುತ್ತಿತ್ತು. ತೀರ್ಪುಗಾರರು ಅದನ್ನು ಕಂಡುಹಿಡಿದರು.

"ಇಲ್ಲಿ ಮುರಿದು ಸೇರಿಸಿದ ಹಾಗಿದೆ."

"ಹೌದು, ಸೇರಿಸಿದೀವಿ" ಅಂದಳು ಪೈಲಟಕ್ಕ.

ಬಹುಮಾನ ಬರಲಿಲ್ಲ. ಮೂರನೆಯದು ಸಿಕ್ಕಿದ್ದು ಬಣ್ಣ ಅಲ್ಲಲ್ಲಿ ಇಳಿದಿದ್ದ ಒಂದು ಯುದ್ಧವಿಮಾನಕ್ಕೆ. ಅದನ್ನು ನೆನೆದು ತಾಯಿ ಮಗಳು ಇಬ್ಬರೂ ದಾರಿಯುದ್ದಕ್ಕೂ ಕುದಿಯುತ್ತಿದ್ದರು, ಬಣ್ಣದ ಬಗ್ಗೆ ಏನೂ ತಿಳಿಯದ ಗಂಡನೂ ದನಿಗೂಡಿಸಿದ. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು.

ದೊಡ್ಡವಳು ಇದಾದ ಮೇಲೆ ವಿಮಾನ ಕಟ್ಟುವುದನ್ನು ಕಲಿತಳೇ ಅಂದರೆ, ಇಲ್ಲ. ಬೋರು ಅಂತ ಮುಖದ ಮೇಲೇ ಹೇಳಿದ್ದಾಳೆ. ಬಾಗಿಲು ಈಗಲೂ ಹಾಕಿಕೊಳ್ಳುತ್ತಾಳೆ. ಆದರೆ ಸಂಜೆ ತಾಯಿ ಮನೆಗೆ ಬಂದು ಮೇಜಿಗೆ ಕೂತ ಮೇಲೆ, ಮೊದಲು ಅವಳ ಎದುರಿನ ಕುರ್ಚಿಯಲ್ಲಿ ಕೂತು, ಬೆನ್ನು ಬಗ್ಗಿಸಿಕೊಂಡು ಕೆಲಸ ಮಾಡುತ್ತಿರುವ ಆ ತಲೆಯ ಮೇಲೆ ದಿನದ ಸುದ್ದಿಯನ್ನೆಲ್ಲ ಸುರಿದು, ಆಮೇಲೆ ಹಾಕಿಕೊಳ್ಳುತ್ತಾಳೆ. ತಾಯಿ ತಲೆಯೆತ್ತಬೇಕಾಗಿಲ್ಲ. "ಹೂಂ, ಆಮೇಲೆ?" ಅಂದರೆ ಸಾಕು.

ಈ ವಾರ ಪೈಲಟಕ್ಕ ಹೆಲಿಕಾಪ್ಟರು ಶುರುಮಾಡಿದ್ದಾಳೆ. ಹೇಗಿದೆ ಮನೆ ಕಡೆ ಅಂತ ಕೇಳಿದೆ. ಚಿಕ್ಕವನು ತುತ್ತೂರಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನಂತೆ, ಗಂಡನ ಮಧ್ಯಾಹ್ನದ ನಿದ್ದೆಯ ಗತಿ ಏನು ಅಂತ ಯೋಚನೆಯಂತೆ. "ಅವರಿಗೆ ಕಿವಿಗೆ ಹತ್ತಿ, ಇವನಿಗೆ ತಾರಸಿ. ದಾರಿ ಇಲ್ಲದೇನು" ಅಂದಳು. ಆಮೇಲೆ ನನ್ನ ಮೇಜಿನ ಮೇಲೆ ಮಿಕ್ಕಿದ್ದ ತೆಳ್ಳನೆಯ ತಂತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಇದು ನಿನಗೆ ಬೇಕಾ ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಚೀಲಕ್ಕೆ ಹಾಕಿಕೊಂಡು ಹೊರಟಳು.