ಹನ್ನೊಂದು ವರ್ಷದ ಅರ್ಧ ಮೀಸೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತವನಿಗೆ ನೂರ ನಲವತ್ತು ಬಸ್ಸುಗಳ ಜಾತಕ ಬಾಯಿಪಾಠ. ಯಾವುದು ಎಷ್ಟಕ್ಕೆ ಹೊರಡುತ್ತದೆ, ಯಾವುದು ಹೊರಟಂತೆ ಮಾಡಿ ಅಲ್ಲೇ ನಿಲ್ಲುತ್ತದೆ, ಯಾವ ಡ್ರೈವರ್ ಮುನಿಸಿಕೊಂಡರೆ ಯಾವ ಊರಿಗೆ ಬಸ್ಸಿಲ್ಲ, ಎಲ್ಲವನ್ನೂ ತಲೆಯೆತ್ತದೆ ಹೇಳಬಲ್ಲ. ಉತ್ತರವಿಲ್ಲದ್ದು ಒಂದೇ ಪ್ರಶ್ನೆಗೆ: "ಎರಡನೇ ಭಾಗ ಯಾವಾಗ ಬರುತ್ತೆ?"

ಜನ ಹಾಗೆ ಕೇಳುವುದಕ್ಕೆ ಕಾರಣ ಅವನ ಮೂಗಿನ ಕೆಳಗೇ ಇತ್ತು. ಬಲಗಡೆ ಹುರಿಗಟ್ಟಿದ, ಎಣ್ಣೆ ಕುಡಿದು ಮಿಂಚುವ ವೀರಮೀಸೆ. ಎಡಗಡೆ ಬಟಾಬಯಲು. ಇಡೀ ನಿಲ್ದಾಣ ಅವನನ್ನು ಅರೆಮೀಸೆ ಎಂದೇ ಕರೆಯುತ್ತಿತ್ತು.

ಹಿಂದೊಮ್ಮೆ ಅವನು ರಜೆ ಹಾಕಿ ಸಿನಿಮಾದಲ್ಲಿ ಲಾರಿ ಡ್ರೈವರನಾಗಿದ್ದ. ಕೊನೆಯ ದೃಶ್ಯದಲ್ಲಿ ಖಳನಾಯಕ ಅವನ ಮೀಸೆಯನ್ನು ಅರ್ಧ ಬೋಳಿಸಿ, "ಉಳಿದದ್ದು ನಿನಗೆ ಭಿಕ್ಷೆ" ಎಂದು ನಕ್ಕಾಗ ಡ್ರೈವರ್ ಕ್ಯಾಮೆರಾವನ್ನು ಕೆಕ್ಕರಿಸಿ ನೋಡುತ್ತಾನೆ. ಅಲ್ಲಿಗೆ ಪರದೆ ಕಪ್ಪು. ಆ ನೋಟಕ್ಕೆ ಚಿತ್ರಮಂದಿರಗಳು ಶಿಳ್ಳೆಯಿಂದ ಬಿರಿದವು. ವರ್ಷದ ನಂತರ, ಮೀಸೆ ಪೂರ್ತಿ ಬೆಳೆದಿದ್ದಾಗ, ನಿರ್ದೇಶಕರೇ ಫೋನ್ ಮಾಡಿದರು.

"ಎರಡನೇ ಭಾಗಕ್ಕೆ ನೀವೇ ನಾಯಕ. ಕಥೆ ಆ ನೋಟದಿಂದಲೇ ಶುರು. ಅಂಟಿಸಿದ ಮೀಸೆ ನನಗಾಗಲ್ಲ. ಯಾವ ದಿನ ಬೇಕಾದ್ರೂ ಕರೀಬಹುದು, ಸಿದ್ಧವಾಗಿರಿ."

ಅವನು ಮನೆಯ ಗೋಡೆಗಿದ್ದ ಆ ಸಿನಿಮಾದ ಪೋಸ್ಟರನ್ನು ಕನ್ನಡಿಯ ಪಕ್ಕಕ್ಕಿಟ್ಟುಕೊಂಡು, ಅದರಲ್ಲಿದ್ದಂತೆ ಎಡಗಡೆಯದನ್ನು ಬೋಳಿಸಿದ. ಹೆಂಡತಿ ಒಮ್ಮೆ ನೋಡಿದಳು.

"ರೀ, ಸಿನಿಮಾದಲ್ಲಿ ಆಚೆ ಕಡೇದಲ್ವಾ ಹೋಗಿದ್ದು?"

"ನಿನ್ನ ನೆನಪು ದೊಡ್ಡದೋ, ಪೋಸ್ಟರ್ ದೊಡ್ಡದೋ?"

ಪೋಸ್ಟರ್ ಆರಡಿ ಇತ್ತು.

ಆಮೇಲೆ ಹನ್ನೊಂದು ವರ್ಷ. ಮೊದಲ ನಿರ್ಮಾಪಕರು ಕೈಯೆತ್ತಿದರು. ಎರಡನೆಯವರು ಡ್ರೈವರನಿಗೆ ಅವಳಿ ತಮ್ಮ ಬೇಕೆಂದರು. ಮೂರನೆಯವರು ಲಾರಿಯೇ ಬೇಡ, ಹಡಗಿರಲಿ ಎಂದು ಹಟ ಹಿಡಿದರು. ಖಳನಾಯಕ ಸಿನಿಮಾ ಬಿಟ್ಟು ಸೋಫಾ ಅಂಗಡಿ ಇಟ್ಟ. ಪ್ರತಿ ವರ್ಷ ಚಿತ್ರೀಕರಣ 'ಮುಂದಿನ ತಿಂಗಳು' ಇರುತ್ತಿತ್ತು. ಅರೆಮೀಸೆ ಮಾತ್ರ ಗಡಿ ಕಾಯುವ ಯೋಧನಂತೆ ದಿನಾ ಬೆಳಿಗ್ಗೆ ಎಡದ ಮೇಲೆ ಕತ್ತಿ ಎಳೆದು, ಬಲಕ್ಕೆ ಎಣ್ಣೆ ತೀಡಿ ಕಾದ. ಗುರುತಿನ ಚೀಟಿಯಲ್ಲೂ ಅರ್ಧ, ನಾದಿನಿಯ ಗೃಹಪ್ರವೇಶದ ಫೋಟೋದಲ್ಲೂ ಅರ್ಧ.

ಕೊನೆಗೆ ಮಗಳು ತಿರುಗಿ ಬಿದ್ದಳು.

"ಅಪ್ಪಾ, ಸೋಮವಾರ ನನ್ನ ಮದುವೆ ನೋಂದಣಿ. ಫೋಟೋದಲ್ಲಿ ನನ್ನ ಪಕ್ಕ ನಿಲ್ಲೋದಾದ್ರೆ ಇಡೀ ಮೀಸೆ ಇರಲಿ, ಇಲ್ಲ ಇಡೀ ಮೀಸೆ ಹೋಗಲಿ. ಅರ್ಧ ಅಪ್ಪ ನನಗೆ ಬೇಡ."

"ಪುಟ್ಟಿ, ಮುಂದಿನ ತಿಂಗಳು ಶೂಟಿಂಗು..."

"ನಾನು ಎರಡನೇ ಕ್ಲಾಸಲ್ಲಿದ್ದಾಗಲೂ ಮುಂದಿನ ತಿಂಗಳೇ ಇತ್ತು. ನಂಗೀಗ ಹದಿನೆಂಟು ತುಂಬಿದೆ, ನಿಮ್ಮ ತಿಂಗಳಿಗೆ ಇನ್ನೂ ತುಂಬಿಲ್ಲ!"

ಮಾತು ಎದೆಗೆ ನಾಟಿತು. ಒಂದು ಕಡೆ ಒಬ್ಬಳೇ ಮಗಳು, ಇನ್ನೊಂದು ಕಡೆ ಜನ್ಮಕ್ಕೊಂದೇ ನಾಯಕನ ಪಾತ್ರ. ಶನಿವಾರ ರಜೆ ಹಾಕಿ, ಖಚಿತ ತಾರೀಖು ಕೇಳಿಯೇ ಬರುತ್ತೇನೆಂದು ನಿರ್ದೇಶಕರ ಕಚೇರಿಗೆ ಹೋದ.

ಕಚೇರಿ ಎಂದರೆ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ. ಮೇಜಿನ ಮೇಲೆ ಹದಿನಾರು ಕಥೆಗಳು ಒಂದರ ಮೇಲೊಂದು ಮಲಗಿದ್ದವು. ನಿರ್ದೇಶಕರು ಅವನನ್ನು ಕಂಡು ಎದ್ದು ಅಪ್ಪಿಕೊಂಡರು. ಪಕ್ಕದಲ್ಲಿ ಹೊಸದಾಗಿ ಸೇರಿದ್ದ ಸಹಾಯಕಿ, ಕನ್ನಡಕದ ಹುಡುಗಿ, ಕಂಪ್ಯೂಟರಿನಲ್ಲಿ ಹಳೆಯ ಸಿನಿಮಾದ ಕೊನೆಯ ದೃಶ್ಯ ಹಾಕಿದಳು. ಒಮ್ಮೆ ಪರದೆ ನೋಡಿದಳು, ಒಮ್ಮೆ ಅವನನ್ನು.

"ಸರ್, ಸಿನಿಮಾದಲ್ಲಿ ಉಳಿದಿರೋದು ಎಡಗಡೆ ಮೀಸೆ. ಇವರದ್ದು ಬಲಗಡೆ ಇದೆ."

ಕೆಳಗೆ ಯಾರೋ ಟೈರಿನ ಗಾಳಿ ಬಿಡುವುದು ಕೇಳಿಸಿತು.

"ಪೋಸ್ಟರಲ್ಲಿ ಬಲಗಡೆ ಇದೆ..." ಅವನು ಬಲಮೀಸೆ ಮುಟ್ಟಿಕೊಂಡ.

ನಿರ್ದೇಶಕರು ನಾಲಿಗೆ ಕಚ್ಚಿಕೊಂಡರು. "ಅದಾ? ಮುಖ ಸಿನಿಮಾ ಹೆಸರಿನ ಕಡೆ ತಿರುಗಿರಲಿ ಅಂತ ಫೋಟೋನ ಎಡಬಲ ಅದಲುಬದಲು ಮಾಡಿ ಅಚ್ಚು ಹಾಕಿದ್ರು."

ಹನ್ನೊಂದು ವರ್ಷ, ಸುಮಾರು ನಾಲ್ಕು ಸಾವಿರ ಬೆಳಗು, ಅವನು ತಪ್ಪು ಗಡಿಯನ್ನು ಕಾದಿದ್ದ.

ಅಷ್ಟರಲ್ಲಿ ನಿರ್ದೇಶಕರ ಕಣ್ಣು ಹೊಳೆಯತೊಡಗಿತು. ಆ ಹೊಳಪು ಕಂಡರೆ ನಿರ್ಮಾಪಕರು ಓಡಿಹೋಗುತ್ತಿದ್ದರಂತೆ.

"ತಡೀರಿ, ತಡೀರಿ! ಮೀಸೆ ಆ ಕಡೆಯಿಂದ ಈ ಕಡೆಗೆ ಹೇಗೆ ಬಂತು? ಇದೇ ಕಥೆ! ಇಷ್ಟು ವರ್ಷ ನಾನು ಹುಡುಕ್ತಿದ್ದದ್ದು ಇದನ್ನೇ! ಹದಿನಾರನ್ನೂ ಎಸೀರಿ, ಹದಿನೇಳನೇದು ಬರೀತೀನಿ. ಸ್ವಾಮೀ, ಈ ಬಲಮೀಸೆ ಈಗ ನಮ್ಮ ಸಿನಿಮಾದ ಪ್ರಾಣ. ಮುಟ್ಟಬೇಡಿ!"

"ಶೂಟಿಂಗ್ ಯಾವಾಗ ಸರ್?"

"ಬರೆದು ಮುಗೀಲಿ. ಮುಂದಿನ ತಿಂಗಳು..."

ಎಷ್ಟೋ ಸಾವಿರ ಪ್ರಯಾಣಿಕರಿಗೆ 'ಇನ್ನೇನು ಬಂತು' ಎಂದು ತಾನೇ ಹೇಳಿ ಕೂರಿಸಿದ್ದ ದನಿ ಅದು. ಬಾರದ ಬಸ್ಸಿನ ಬಗ್ಗೆ ಹೇಳುವಾಗ ದನಿ ಹೇಗೆ ಮೆತ್ತಗಾಗುತ್ತದೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಮುಗಿದು ಮೆಟ್ಟಿಲಿಳಿದ.

ನಿಲ್ದಾಣದ ಎದುರಿನ ಕ್ಷೌರಿಕ ಬಟ್ಟೆ ಹೊದಿಸಿ, ವಾಡಿಕೆಯಂತೆ ಮೂಗಿನ ಕೆಳಗೆ ಎಡಗಡೆ ಸೋಪು ಹಚ್ಚಿದ.

"ಅದಲ್ಲ. ಇನ್ನೊಂದು ಕಡೆ."

ಕ್ಷೌರಿಕನ ಕೈ ನಿಂತಿತು. "ಅಣ್ಣಾ, ಸಿನಿಮಾ?"

"ಆ ಬಸ್ಸು ಬರಲ್ಲ ಮಾರಾಯ. ನೀನು ಎಳಿ."

ಸೋಮವಾರ ನೋಂದಣಿ ಕಚೇರಿಯಲ್ಲಿ ಛಾಯಾಗ್ರಾಹಕ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಕಣ್ಣಿಗೆ ಕ್ಯಾಮೆರಾ ಹಿಡಿದವನು ಇಳಿಸಿ, ಮತ್ತೆ ಹಿಡಿದು, "ಸರ್, ಬಲಗಡೆ ಏನೋ ಅಂಟಿದೆ, ಒರೆಸ್ಕೊಳ್ಳಿ" ಎಂದ.

ಅವನು ಒರೆಸಿಕೊಂಡ. ಹೋಗಲಿಲ್ಲ. ಹನ್ನೊಂದು ವರ್ಷ ಬಿಸಿಲು ಕಾಣದ ಜಾಗ ಮೀಸೆಯ ಆಕಾರದಲ್ಲೇ ಬೆಳ್ಳಗೆ ಬೆಳಗುತ್ತಿತ್ತು, ಹುರಿಗಟ್ಟಿದ ತುದಿಯ ಸಮೇತ.

ಮಗಳು ತಿರುಗಿ ನೋಡಿ ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ತಡೆಯಲಾಗದೆ, ಹೊಸ ಗಂಡನ ತೋಳಿಗೆ ಒರಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಹೆಂಡತಿಯೂ ನಕ್ಕಳು, ಆದರೆ ಮೊದಲು ಕಿವಿಯಲ್ಲಿ, "ನಾನು ಅವತ್ತೇ ಹೇಳಿದ್ದೆ, ಆಚೆ ಕಡೇದು ಅಂತ" ಎಂದು ಹೇಳುವ ಕೆಲಸ ಮುಗಿಸಿಕೊಂಡಳು.

"ಹೀಗೇ ತೆಗೀರಿ," ಎಂದಳು ಮಗಳು, ಅಪ್ಪನ ತೋಳು ಹಿಡಿದೆಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು. "ನಮ್ಮಪ್ಪ ಇವರೇ, ಪೂರ್ತಿ."

ಅವನು ಕ್ಯಾಮೆರಾವನ್ನು ನೋಡಿದ. ಈ ಸಲ ಕೆಕ್ಕರಿಸಲಿಲ್ಲ.